ಅಂದು ವಕೀಲರು ಸುಮ್ಮನಿದ್ದರು: ನ್ಯೂಯಾರ್ಕಿನ ಪ್ಯಾಟರ್ಸನ್ ಪ್ರಕರಣ

1970ರ ಡಿಸೆಂಬರ್ 27. ನ್ಯೂಯಾರ್ಕ್ ರಾಜ್ಯದಲ್ಲಿ ಪ್ಯಾಟರ್ಸನ್ ಎಂಬಾತ ಪರಿಚಯದವರೊಬ್ಬರ ಹತ್ತಿರ ಬಂದೂಕು ಕೇಳಿ ತೆಗೆದುಕೊಂಡು ಮಾವನ ಮನೆಗೆ ಹೋದ. ಅವನ ಮದುವೆ ಹೆಚ್ಚು ಕಾಲ ಬಾಳಿರಲಿಲ್ಲ. ಹೆಂಡತಿ ದೂರವಾಗಿದ್ದಳು. ಮದುವೆಗೆ ಮುಂಚೆ ಯಾರ ಜೊತೆ ಅವಳ ನಿಶ್ಚಿತಾರ್ಥ ಆಗಿತ್ತೋ ಅದೇ ನೆರೆಯವನ ಜೊತೆ ಮತ್ತೆ ಒಡನಾಟ ಶುರುವಾಗಿತ್ತು. ಪ್ಯಾಟರ್ಸನ್ ಕಿಟಕಿಯಲ್ಲಿ ನೋಡಿದಾಗ ಹೆಂಡತಿ ಅರೆಬರೆ ಉಡುಪಿನಲ್ಲಿದ್ದಳು, ಜೊತೆಯಲ್ಲಿ ಆತ ಇದ್ದ. ಒಳಗೆ ನುಗ್ಗಿ ತಲೆಗೆ ಎರಡು ಗುಂಡು ಹೊಡೆದ. ಆತ ಸತ್ತುಹೋದ.

ಇದನ್ನು ಓದುವಾಗ ನಮಗೆ 1959ರ ಮುಂಬೈಯ ನಾನಾವತಿ ಪ್ರಕರಣ, ಹೆಂಡತಿಯ ಪ್ರಿಯಕರನನ್ನು ನೌಕಾಪಡೆಯ ಅಧಿಕಾರಿಯೊಬ್ಬ ಗುಂಡಿಟ್ಟು ಕೊಂದ ಕೇಸು, ನೆನಪಾಗದೆ ಇರುವುದಿಲ್ಲ. ಆದರೆ ನಾನು ಇಲ್ಲಿ ಬರೆಯಲು ಹೊರಟಿರುವುದು ಕೊಲೆಯ ಕಥೆಯನ್ನಲ್ಲ. ಈ ಪ್ರಕರಣ ಅಮೆರಿಕದ ಕಾನೂನು ಪುಸ್ತಕಗಳಲ್ಲಿ ಎರಡು ಕಡೆ ಉಳಿದುಕೊಂಡಿದೆ. ಒಂದು ಕಡೆ ಎಲ್ಲರಿಗೂ ಗೊತ್ತು: ಸಾಬೀತು ಮಾಡುವ ಹೊಣೆ ಯಾರ ಮೇಲೆ ಎಂಬ ವಿಚಾರ. ಇನ್ನೊಂದು ಕಡೆಗೆ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಯಾರೂ ಬಾಯಿ ಬಿಡದ ಒಂದು ಪ್ರಶ್ನೆಯನ್ನು ರಾಜ್ಯದ ಮೇಲ್ಮನವಿ ಕೋರ್ಟು ಕೈಗೆತ್ತಿಕೊಳ್ಳಬಹುದೇ, ಕೂಡದೇ ಎಂಬುದು ಆ ಎರಡನೇ ವಿಚಾರ. ನನಗೆ ಅದೇ ಮುಖ್ಯ ಅನಿಸುತ್ತದೆ. ಯಾಕೆಂದರೆ ಈ ಬಾಗಿಲು ತೆರೆಯದಿದ್ದರೆ ಒಳಗಿರುವ ನ್ಯಾಯ ಅನ್ಯಾಯದ ಮಾತು ಶುರುವೇ ಆಗುವುದಿಲ್ಲ.

ಮೊದಲು ವಿಚಾರಣೆಯಲ್ಲಿ ಏನಾಯಿತು ನೋಡೋಣ. ನ್ಯೂಯಾರ್ಕಿನ ಕಾನೂನಿನ ಪ್ರಕಾರ ಎರಡನೇ ದರ್ಜೆಯ ಕೊಲೆ ಎನ್ನಲು ಎರಡು ವಿಷಯ ಸಾಬೀತಾಗಬೇಕು. ಕೊಲ್ಲುವ ಉದ್ದೇಶ ಇತ್ತು, ಸಾವು ಸಂಭವಿಸಿತು. ಇವೆರಡನ್ನೂ ಸರ್ಕಾರವೇ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಆದರೆ ಆರೋಪಿಗೆ ಒಂದು ದಾರಿ ಇದೆ. "ನಾನು ಕೊಂದದ್ದು ಹೌದು, ಆದರೆ ಆಗ ನನ್ನ ಮನಸ್ಸು ತೀರಾ ಕದಡಿ ಹೋಗಿತ್ತು, ಅದಕ್ಕೆ ಒಪ್ಪುವಂಥ ಕಾರಣವೂ ಇತ್ತು" ಎಂದು ತೋರಿಸಿದರೆ ಅಪರಾಧ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಶಿಕ್ಷೆ ಕಡಿಮೆಯಾಗುತ್ತದೆ. ಇದನ್ನು ತೋರಿಸುವ ಹೊಣೆ ಮಾತ್ರ ಆರೋಪಿಯದ್ದು. ಅವನು ಸಂಶಯಾತೀತವಾಗಿ ತೋರಿಸಬೇಕಿಲ್ಲ, ಇಲ್ಲ ಎನ್ನುವುದಕ್ಕಿಂತ ಹೌದು ಎನ್ನುವುದೇ ಜಾಸ್ತಿ ಸಾಧ್ಯ ಎಂಬಷ್ಟು ತೋರಿಸಿದರೆ ಸಾಕು.

ನಮ್ಮಲ್ಲೂ ಹೀಗೇ ಇದೆ ಅಲ್ವಾ? ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಕೊಂದೆ ಎನ್ನುವವನು ಅದನ್ನು ತಾನೇ ತೋರಿಸಬೇಕು ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 105ನೇ ಕಲಂ ಹೇಳುತ್ತಿತ್ತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ನಿಯಮ ಮುಂದುವರಿದಿದೆ. ನಾನಾವತಿ ಪ್ರಕರಣದಲ್ಲೂ ಸೆಷನ್ಸ್ ಜಡ್ಜ್ ಈ ಹೊಣೆಯ ವಿಚಾರವನ್ನು ಜ್ಯೂರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದೇ ಮೇಲಿನ ಕೋರ್ಟಿನಲ್ಲಿ ದೊಡ್ಡ ಚರ್ಚೆಯಾಗಿತ್ತು.

ಪ್ಯಾಟರ್ಸನ್ ಕೊಂದದ್ದನ್ನು ವಿಚಾರಣೆಗೆ ಮುಂಚೆಯೇ ಒಪ್ಪಿಕೊಂಡಿದ್ದ. ಹಾಗಾಗಿ ಅವನಿಗೆ ಉಳಿದಿದ್ದ ದೊಡ್ಡ ಆಸರೆ ಈ ಕದಡಿದ ಮನಸ್ಸಿನ ವಾದ. ಎಲ್ಲ ಸಾಕ್ಷಿ ಮುಗಿದ ಮೇಲೆ ನ್ಯಾಯಾಧೀಶರು ಜ್ಯೂರಿಗೆ ಕಾನೂನು ವಿವರಿಸಿದರು. ಅಮೆರಿಕದಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವವರು ಜ್ಯೂರಿಯ ಹನ್ನೆರಡು ಜನ. ಅವರಿಗೆ ಕಾನೂನು ಗೊತ್ತಿರುವುದಿಲ್ಲ, ಆದ್ದರಿಂದ ಆ ಕೊನೆಯ ಅರ್ಧ ಗಂಟೆ, ಒಂದು ಗಂಟೆಯ ಮಾತಿಗೆ ತುಂಬಾ ತೂಕ. ಕೊಲ್ಲುವ ಉದ್ದೇಶ ಇತ್ತು ಎಂದು ಸಾಬೀತು ಮಾಡುವುದು ಸರ್ಕಾರದ ಕೆಲಸ, ಆರೋಪಿ ಏನನ್ನೂ ತೋರಿಸಬೇಕಿಲ್ಲ ಎಂದು ನ್ಯಾಯಾಧೀಶರು ಒತ್ತಿ ಹೇಳಿದರು. ಆಮೇಲೆ ಕದಡಿದ ಮನಸ್ಸಿನ ವಿಚಾರಕ್ಕೆ ಬಂದು, ಇದನ್ನು ಮಾತ್ರ ಆರೋಪಿಯೇ ತೋರಿಸಬೇಕು ಎಂದರು. ಕಾಯ್ದೆಯಲ್ಲಿ ಇದ್ದದ್ದೇ ಹಾಗೆ. ಪ್ಯಾಟರ್ಸನ್ ಪರ ವಕೀಲರು ಆಕ್ಷೇಪ ಎತ್ತಲಿಲ್ಲ. ಜ್ಯೂರಿ ಕೊಲೆ ಎಂದೇ ತೀರ್ಮಾನಿಸಿತು.

ಆ ಮೌನವನ್ನು ನೆನಪಿಟ್ಟುಕೊಳ್ಳಿ.

ಮುಂದೆ ಹೋಗುವ ಮೊದಲು ಹೆಸರುಗಳ ಗೊಂದಲ ಬಿಡಿಸಬೇಕು, ಇಲ್ಲದಿದ್ದರೆ ಓದುವವರು ದಾರಿ ತಪ್ಪುತ್ತಾರೆ. ನ್ಯೂಯಾರ್ಕಿನಲ್ಲಿ "ಸುಪ್ರೀಂ ಕೋರ್ಟ್" ಎಂದರೆ ವಿಚಾರಣೆ ನಡೆಸುವ ಕೆಳಗಿನ ಕೋರ್ಟು. ಅದರ ಮೇಲೆ "ಅಪೆಲೇಟ್ ಡಿವಿಷನ್". ಇಡೀ ರಾಜ್ಯವನ್ನು ನಾಲ್ಕು ವಿಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಇದೆ. ಎಲ್ಲಕ್ಕಿಂತ ಮೇಲೆ ಆಲ್ಬನಿ ನಗರದಲ್ಲಿರುವ "ಕೋರ್ಟ್ ಆಫ್ ಅಪೀಲ್ಸ್", ಏಳು ನ್ಯಾಯಾಧೀಶರ ಪೀಠ. ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಸುಪ್ರೀಂ ಕೋರ್ಟು ಇದೆಲ್ಲದರಿಂದ ಬೇರೆ.

ಈಗ ವ್ಯತ್ಯಾಸ ಗಮನಿಸಿ. ಮಧ್ಯದ ಕೋರ್ಟಾದ ಅಪೆಲೇಟ್ ಡಿವಿಷನ್ನಿಗೆ ಅಧಿಕಾರ ವಿಶಾಲ. ಸಂಗತಿಗಳನ್ನೂ ನೋಡಬಹುದು, ಕಾನೂನನ್ನೂ ನೋಡಬಹುದು. ಕೆಳಗೆ ಯಾರೂ ಎತ್ತದ ತಪ್ಪನ್ನೂ "ನ್ಯಾಯದ ಹಿತದೃಷ್ಟಿಯಿಂದ" ತಾನಾಗಿ ಎತ್ತಿಕೊಳ್ಳಬಹುದು. ಮೇಲಿನ ಕೋರ್ಟ್ ಆಫ್ ಅಪೀಲ್ಸಿಗೆ ಆ ಸ್ವಾತಂತ್ರ್ಯ ಇಲ್ಲ. ರಾಜ್ಯದ ಸಂವಿಧಾನವೇ ಅದರ ಕೈ ಕಟ್ಟಿದೆ, ಬಹುತೇಕ ಕಾನೂನಿನ ಪ್ರಶ್ನೆಯನ್ನು ಮಾತ್ರ ಅದು ನೋಡಬೇಕು. ಮತ್ತು ಕ್ರಿಮಿನಲ್ ಕೇಸಿನಲ್ಲಿ "ಕಾನೂನಿನ ಪ್ರಶ್ನೆ" ಹುಟ್ಟುವುದು ಯಾವಾಗ ಎಂಬುದನ್ನು ರಾಜ್ಯದ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ 470.05ನೇ ಕಲಂ ಹೇಳುತ್ತದೆ. ತಪ್ಪು ನಡೆದ ಹೊತ್ತಿನಲ್ಲೇ, ಅಥವಾ ನ್ಯಾಯಾಧೀಶರು ಅದನ್ನು ತಿದ್ದಲು ಇನ್ನೂ ಅವಕಾಶ ಇರುವಾಗಲೇ, ಯಾರಿಗೆ ತೊಂದರೆಯಾಯಿತೋ ಅವರ ಕಡೆಯವರು ತಕರಾರು ಮಾಡಿರಬೇಕು. ತಕರಾರು ಇಲ್ಲದಿದ್ದರೆ ಪ್ರಶ್ನೆಯೇ ಇಲ್ಲ. ತಪ್ಪು ಆಗಿದ್ದರೂ ಕೋರ್ಟಿನ ಕಣ್ಣಿಗೆ ಅದು ಇಲ್ಲದ ಹಾಗೆ.

ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಸಿವಿಲ್ ಕೇಸಿನ ಎರಡನೇ ಅಪೀಲು ಹಾಕಿದವರಿಗೆ ಇಂಥ ಬಾಗಿಲಿನ ಅನುಭವ ಇದ್ದೇ ಇರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ "ಮಹತ್ವದ ಕಾನೂನು ಪ್ರಶ್ನೆ" ಇದೆ ಎಂದು ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಕೇಸು ಮುಂದೆ ಹೋಗುತ್ತದೆ, 1976ರ ತಿದ್ದುಪಡಿಯಿಂದ ಈ ನಿಯಮ ಬಿಗಿಯಾಯಿತು. ಅಲ್ಲಿ ನೋಡುವುದು ಪ್ರಶ್ನೆಗೆ ತೂಕ ಇದೆಯೇ ಎಂದು. ನ್ಯೂಯಾರ್ಕಿನಲ್ಲಿ ನೋಡುವುದು ಆ ಪ್ರಶ್ನೆಯನ್ನು ಯಾರಾದರೂ ಸಮಯಕ್ಕೆ ಸರಿಯಾಗಿ ಕೇಳಿದ್ದರೇ ಎಂದು.

ಈ ತಕರಾರಿನ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಒಳ್ಳೆಯ ಕಾರಣ ಇದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ನ್ಯಾಯಾಧೀಶರು ಒಂದು ವಾಕ್ಯ ತಪ್ಪಾಗಿ ಹೇಳಿದರು ಎಂದುಕೊಳ್ಳಿ. ವಕೀಲರು ಎದ್ದು ನಿಂತು "ಸ್ವಾಮಿ, ಇದು ಸರಿಯಲ್ಲ" ಎಂದರೆ ಅದನ್ನು ಒಂದೇ ನಿಮಿಷದಲ್ಲಿ ತಿದ್ದಬಹುದು. ಅದು ಬಿಟ್ಟು, ಸುಮ್ಮನಿದ್ದು, ತೀರ್ಪು ತನ್ನ ವಿರುದ್ಧ ಬಂದ ಮೇಲೆ ಮೂರು ವರ್ಷ ಬಿಟ್ಟು ಅಪೀಲಿನಲ್ಲಿ ಅದೇ ವಾಕ್ಯ ಹಿಡಿದುಕೊಂಡು ಬಂದರೆ ಇಡೀ ವಿಚಾರಣೆ ಮತ್ತೆ ಮಾಡಬೇಕು. ಅಷ್ಟರಲ್ಲಿ ಸಾಕ್ಷಿಗಳು ಊರು ಬಿಟ್ಟಿರುತ್ತಾರೆ, ಕೆಲವರು ಸತ್ತಿರುತ್ತಾರೆ, ಉಳಿದವರಿಗೆ ನೆನಪು ಮಾಸಿರುತ್ತದೆ. ತೀರಿಹೋದವನ ಮನೆಯವರು ಮತ್ತೆ ಆ ನೋವನ್ನು ಕೋರ್ಟಿನಲ್ಲಿ ಕೂತು ಕೇಳಬೇಕು. ಇನ್ನೊಂದು ಭಯವೂ ಇದೆ: ತಪ್ಪು ಕಂಡರೂ ಬೇಕೆಂದೇ ಬಾಯಿ ಮುಚ್ಚಿಕೊಂಡು, ಗೆದ್ದರೆ ಸರಿ, ಸೋತರೆ ಅಪೀಲಿಗೆ ಇರಲಿ ಎಂದು ಆ ತಪ್ಪನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ವಕೀಲರು ಇರಬಹುದು. ಅದಕ್ಕೆ ದಾರಿ ಕೊಡಬಾರದು.

ಇಷ್ಟೆಲ್ಲ ಸರಿ. ಆದರೆ ಬಾಯಿ ಮುಚ್ಚಿಕೊಂಡವರು ವಕೀಲರು, ಜೈಲಿಗೆ ಹೋಗುವವನು ಕಕ್ಷಿದಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ವಕೀಲರು ತೀರಾ ಅಸಮರ್ಥರಾಗಿದ್ದರು ಎಂದು ಬೇರೆ ಅರ್ಜಿ ಹಾಕುವ ದಾರಿ ಅಮೆರಿಕದಲ್ಲಿ ಇದೆ, ಆದರೆ ಅದು ಕಡಿದಾದ ದಾರಿ. ಒಂದು ಆಕ್ಷೇಪ ತಪ್ಪಿಹೋದದ್ದಕ್ಕೆ ವಕೀಲರನ್ನು ಅಸಮರ್ಥರು ಎಂದು ಕೋರ್ಟುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದರಲ್ಲೂ ಪ್ಯಾಟರ್ಸನ್ ಪರ ವಕೀಲರನ್ನು ದೂರುವುದು ನ್ಯಾಯವಲ್ಲ. ಅವರ ಕಣ್ಣ ಮುಂದೆ ಇದ್ದ ಕಾಯ್ದೆಯ ಪುಸ್ತಕದಲ್ಲಿ ನ್ಯಾಯಾಧೀಶರು ಹೇಳಿದ್ದೇ ಬರೆದಿತ್ತು.

1973ರಲ್ಲಿ ಅಪೆಲೇಟ್ ಡಿವಿಷನ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಪ್ಯಾಟರ್ಸನ್ ಕೋರ್ಟ್ ಆಫ್ ಅಪೀಲ್ಸಿಗೆ ಹೋದ. ಅಲ್ಲಿ ಕೇಸು ಇನ್ನೂ ಬಾಕಿ ಇರುವಾಗ ಎಲ್ಲ ತಲೆಕೆಳಗಾಯಿತು.

1975ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಲೇನಿ ವಿರುದ್ಧ ವಿಲ್ಬರ್ ಎಂಬ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಮೇನ್ ರಾಜ್ಯದ ಕೇಸು. ಅಲ್ಲಿನ ಕಾನೂನಿನಲ್ಲಿ, ಉದ್ದೇಶಪೂರ್ವಕ ಕೊಲೆ ಎಂದು ತೋರಿಸಿದರೆ ಸಾಕು, ದುಷ್ಟ ಸಂಕಲ್ಪ ಇತ್ತು ಎಂದು ಕೋರ್ಟು ಊಹಿಸಿಬಿಡುತ್ತಿತ್ತು. ಇಲ್ಲ, ಕೆರಳಿಸಿದ್ದರಿಂದ ಸಿಟ್ಟಿನ ಭರದಲ್ಲಿ ಕೊಂದೆ ಎನ್ನುವವನು ಅದನ್ನು ತಾನೇ ಸಾಬೀತು ಮಾಡಬೇಕಿತ್ತು. ಇದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಅದಕ್ಕೆ ಐದು ವರ್ಷ ಮುಂಚೆ, 1970ರ ಮಾರ್ಚ್‌ನಲ್ಲಿ, ವಿನ್‌ಷಿಪ್ ಎಂಬ ಪ್ರಕರಣದಲ್ಲಿ ಅದೇ ಕೋರ್ಟು ಒಂದು ಬುನಾದಿ ಹಾಕಿತ್ತು. ಹನ್ನೆರಡು ವರ್ಷದ ಹುಡುಗನೊಬ್ಬ 112 ಡಾಲರ್ ಕದ್ದನೆಂಬ ಆ ಚಿಕ್ಕ ಕೇಸಿನಲ್ಲಿ, ಅಪರಾಧದ ಪ್ರತಿಯೊಂದು ಅಂಶವನ್ನೂ ಸರ್ಕಾರವೇ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು ಎಂದು ಹೇಳಿತ್ತು. ಮಲೇನಿ ತೀರ್ಪು ಅದೇ ಬುನಾದಿಯ ಮೇಲೆ ಎದ್ದ ಗೋಡೆ.

ಪ್ಯಾಟರ್ಸನ್‌ಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿತ್ತೇ? ಮೇನ್ ರಾಜ್ಯದ ಸಿಟ್ಟಿನ ಭರ, ನ್ಯೂಯಾರ್ಕಿನ ಕದಡಿದ ಮನಸ್ಸು, ಎರಡೂ ಒಂದೇ ಜಾತಿಯವು. ಅಲ್ಲಿ ಹೊಣೆ ಆರೋಪಿಯ ಮೇಲೆ ಹಾಕಿದ್ದು ತಪ್ಪಾದರೆ ಇಲ್ಲೂ ತಪ್ಪಾಗಬೇಕಲ್ಲ. ಆದರೆ ಸರ್ಕಾರಕ್ಕೆ ಒಂದು ಸರಳ ಉತ್ತರ ಸಿದ್ಧವಾಗಿಯೇ ಇತ್ತು: ವಿಚಾರಣೆಯಲ್ಲಿ ನಿಮ್ಮವರು ಆಕ್ಷೇಪ ಎತ್ತಿಲ್ಲ. ಕೋರ್ಟ್ ಆಫ್ ಅಪೀಲ್ಸು ಅಷ್ಟು ಹೇಳಿ ಫೈಲು ಮುಚ್ಚಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ.

1976ರಲ್ಲಿ ಕೋರ್ಟು ಹಾಗೆ ಮಾಡಲಿಲ್ಲ. ತೀರ್ಪು ಬರೆದವರು ನ್ಯಾಯಾಧೀಶ ಜೇಸನ್. ಆಕ್ಷೇಪ ಇಲ್ಲದೆ ಪ್ರಶ್ನೆ ಇಲ್ಲ ಎಂಬ ನಿಯಮವನ್ನು ಅವರು ಮೊದಲು ಒಪ್ಪಿಕೊಂಡರು. ಆಮೇಲೆ, ಈ ನಿಯಮಕ್ಕೆ ಹಿಂದಿನಿಂದಲೂ ಒಂದು ಬಹಳ ಇಕ್ಕಟ್ಟಾದ ವಿನಾಯಿತಿ ಇದೆ ಎಂದರು. ಕೋರ್ಟಿನ ರಚನೆಯನ್ನೇ, ಅಥವಾ ಕಾನೂನು ಗೊತ್ತುಮಾಡಿದ ವಿಚಾರಣೆಯ ಕ್ರಮವನ್ನೇ ಅಲುಗಾಡಿಸುವ ತಪ್ಪಾದರೆ ಅದನ್ನು ಆರೋಪಿ ಬಿಟ್ಟುಕೊಡಲೂ ಆಗದು, ಒಪ್ಪಿಗೆ ಕೊಟ್ಟರೂ ನಡೆಯದು. ಹಾಗಿದ್ದ ಮೇಲೆ ಅವನ ವಕೀಲರು ಸುಮ್ಮನಿದ್ದರು ಎಂಬ ಕಾರಣಕ್ಕೆ ಅದನ್ನು ಕಳೆದುಕೊಳ್ಳುವುದೂ ಸಾಧ್ಯವಿಲ್ಲ.

ಇದಕ್ಕೆ ಅವರು ಆಧಾರ ಹಿಡಿದದ್ದು 1858ರ ಒಂದು ತೀರ್ಪನ್ನು. ಕಾನ್ಸೆಮಿ ಪ್ರಕರಣ. ಕೊಲೆ ಆರೋಪದ ವಿಚಾರಣೆ ನಡೆಯುತ್ತಿರುವಾಗ ಹನ್ನೆರಡು ಜನ ಜ್ಯೂರಿಯಲ್ಲಿ ಒಬ್ಬರನ್ನು ಬಿಡಬೇಕಾಯಿತು. ಉಳಿದ ಹನ್ನೊಂದು ಜನರೇ ತೀರ್ಮಾನಿಸಲಿ ಎಂದು ಆರೋಪಿಯೇ ಒಪ್ಪಿದ. ಆ ಹನ್ನೊಂದು ಜನ ತಪ್ಪಿತಸ್ಥ ಎಂದರು. ಅಪೀಲಿನಲ್ಲಿ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಅವನು ಒಪ್ಪಿದ್ದು ನಿಜ, ಆದರೆ ಒಪ್ಪುವ ಅಧಿಕಾರವೇ ಅವನಿಗೆ ಇರಲಿಲ್ಲ. ಒಬ್ಬ ಮನುಷ್ಯನ ಪ್ರಾಣದ ಪ್ರಶ್ನೆಯಲ್ಲಿ ಸಮಾಜಕ್ಕೂ ಪಾಲಿದೆ. ಹನ್ನೊಂದಕ್ಕೆ ಒಪ್ಪಿದರೆ ನಾಳೆ ಹತ್ತು, ಆಮೇಲೆ ಐದು. ಎಲ್ಲಿ ನಿಲ್ಲಿಸುತ್ತೀರಿ? ಈ ಹಳೆಯ ತೀರ್ಪು ನನಗೆ ತುಂಬಾ ಹಿಡಿಸಿತು. ಕೋರ್ಟು ತನ್ನ ಸ್ವಂತ ರೂಪವನ್ನು ಕಕ್ಷಿದಾರರ ಅನುಕೂಲಕ್ಕೆ ಬಿಟ್ಟುಕೊಡುವುದಿಲ್ಲ ಎಂದು ನೂರ ಅರವತ್ತು ವರ್ಷಕ್ಕೂ ಹಿಂದೆ ಅಷ್ಟು ಸ್ಪಷ್ಟವಾಗಿ ಹೇಳಿದ್ದರು.

ಹನ್ನೊಂದು ಜನರ ಜ್ಯೂರಿಗೂ, ಸಾಬೀತಿನ ಹೊಣೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ ಎಂದೇ ಜೇಸನ್ ಪೀಠ ಕಂಡುಕೊಂಡಿತು, ಇಡೀ ತೀರ್ಪಿನಲ್ಲಿ ಗಟ್ಟಿಯಾದ ನಡೆ ಇದೇ. ಸರ್ಕಾರ ಸಾಬೀತು ಮಾಡಬೇಕು, ಆರೋಪಿ ಸುಮ್ಮನಿರಬಹುದು ಎಂಬುದು ಕ್ರಿಮಿನಲ್ ವಿಚಾರಣೆಯ ಬೆನ್ನೆಲುಬು. ಆ ಹೊಣೆಯನ್ನೇ ತಿರುವಿ ಹಾಕಿದರೆ ವಿಚಾರಣೆ ಎಂದು ನಾವು ಕರೆಯುವ ವಸ್ತುವೇ ಬೇರೆಯಾಗಿಬಿಡುತ್ತದೆ. ಹಾಗಾಗಿ ಇಂಥ ದೂರನ್ನು ಆಕ್ಷೇಪ ಇಲ್ಲದಿದ್ದರೂ ನಾವು ಕೇಳುತ್ತೇವೆ ಎಂದರು. ಪ್ಯಾಟರ್ಸನ್‌ಗೆ ಬಾಗಿಲು ತೆರೆಯಿತು.

ಒಳಗೆ ಹೋದ ಮೇಲೆ ಅವನು ಸೋತ.

ಕೋರ್ಟು ಹೇಳಿದ್ದು ಇಷ್ಟು. ಮೇನ್ ರಾಜ್ಯದಲ್ಲಿ ದುಷ್ಟ ಸಂಕಲ್ಪ ಎಂಬುದು ಕೊಲೆಯ ವ್ಯಾಖ್ಯಾನದ ಒಳಗೇ ಇತ್ತು, ಅದನ್ನು ಊಹಿಸಿಕೊಂಡು ಇಲ್ಲವೆಂದು ತೋರಿಸುವ ಭಾರ ಆರೋಪಿಗೆ ಹಾಕಿದ್ದರು. ನ್ಯೂಯಾರ್ಕಿನಲ್ಲಿ ವ್ಯಾಖ್ಯಾನದಲ್ಲಿರುವುದು ಉದ್ದೇಶ ಮತ್ತು ಸಾವು ಮಾತ್ರ. ಕದಡಿದ ಮನಸ್ಸು ಉದ್ದೇಶವನ್ನು ಅಳಿಸುವುದಿಲ್ಲ. ಮನಸ್ಸು ಕದಡಿದವನೂ ಕೊಲ್ಲಬೇಕೆಂದೇ ಕೊಂದಿರಬಹುದು. ಅದು ಹೊರಗಿನಿಂದ ಸೇರಿಸಿದ ಒಂದು ಕರುಣೆಯ ಅವಕಾಶ. ಮುಖ್ಯ ನ್ಯಾಯಾಧೀಶ ಬ್ರೈಟೆಲ್ ಬೇರೆಯಾಗಿ ಬರೆದು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಈ ಅವಕಾಶ ಕೊಟ್ಟರೆ ಅದನ್ನು ಅಲ್ಲಗಳೆಯುವ ಹೊಣೆಯೂ ಸರ್ಕಾರಕ್ಕೇ ಬರುತ್ತದೆ ಎಂದಾದರೆ, ಶಾಸನ ಸಭೆಗಳು ಅವಕಾಶ ಕೊಡುವುದನ್ನೇ ಬಿಟ್ಟುಬಿಡಬಹುದು, ಆಗ ಆರೋಪಿಗಳಿಗೇ ನಷ್ಟ. ಯೋಚಿಸಬೇಕಾದ ಮಾತು.

1977ರ ಜೂನ್ 17ರಂದು ಅಮೆರಿಕದ ಸುಪ್ರೀಂ ಕೋರ್ಟು ಇದನ್ನು 5-3ರಲ್ಲಿ ಒಪ್ಪಿತು. ಬಹುಮತದ ತೀರ್ಪು ನ್ಯಾಯಮೂರ್ತಿ ವೈಟ್ ಅವರದು. ಮಲೇನಿ ತೀರ್ಪು ಬರೆದಿದ್ದ ಪವೆಲ್ ಅವರೇ ಭಿನ್ನಮತ ಬರೆದರು, ಬ್ರೆನನ್ ಮತ್ತು ಮಾರ್ಷಲ್ ಅವರ ಜೊತೆ ನಿಂತರು. ಪವೆಲ್ ಅವರ ಆತಂಕ ಇದು: ಕಾಯ್ದೆಯಲ್ಲಿ ನಾಲ್ಕು ಪದ ಅತ್ತಿತ್ತ ಮಾಡಿ ಒಂದು ಅಂಶವನ್ನು ವ್ಯಾಖ್ಯಾನದಿಂದ ಹೊರಗಿಟ್ಟರೆ ಸಾಕು, ಅದನ್ನು ಸಾಬೀತು ಮಾಡುವ ಹೊಣೆ ಆರೋಪಿಯ ತಲೆಗೆ ಬಂದುಬಿಡುತ್ತದೆ, ಹಾಗಾದರೆ ಸಂವಿಧಾನದ ರಕ್ಷಣೆ ಎಲ್ಲಿ ಉಳಿಯಿತು? ನನಗೆ ಈ ವಿಷಯದಲ್ಲಿ ಪವೆಲ್ ಅವರ ಮಾತೇ ಸರಿ ಅನಿಸುತ್ತದೆ. ಇರಲಿ, ಅದನ್ನು ಎಳೆದರೆ ಇನ್ನೊಂದು ಬರಹವೇ ಆಗುತ್ತದೆ.

ಕೊನೆಗೂ ಸೋತನಲ್ಲ, ಹಾಗಾದರೆ ಬಾಗಿಲು ತೆರೆದದ್ದರಿಂದ ಏನು ಬಂತು ಎಂದು ಕೇಳುವವರಿಗೆ ಓಹಾಯೋ ರಾಜ್ಯದ ಕಥೆ ಹೇಳಬೇಕು.

ಅದಕ್ಕೆ ಮುಂಚೆ ಒಂದು ವಿಷಯ ಗೊತ್ತಿರಬೇಕು. ರಾಜ್ಯದ ಕೋರ್ಟು "ನಿಮ್ಮ ಪ್ರಶ್ನೆ ಸಮಯಕ್ಕೆ ಬಂದಿಲ್ಲ, ನಮ್ಮ ರಾಜ್ಯದ ನಿಯಮದ ಪ್ರಕಾರ ನಾವು ಅದನ್ನು ನೋಡುವುದಿಲ್ಲ" ಎಂದು ಹೇಳಿಬಿಟ್ಟರೆ, ಸಾಮಾನ್ಯವಾಗಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಕೂಡ ಅದನ್ನು ಮುಟ್ಟುವುದಿಲ್ಲ. ರಾಜ್ಯದ ಸ್ವಂತ ನಿಯಮವೇ ಆ ತೀರ್ಪಿಗೆ ಸಾಕಾಗುವಷ್ಟು ಆಧಾರ, ಅದರಲ್ಲಿ ಕೈ ಹಾಕಲು ತನಗೆ ಅಧಿಕಾರವಿಲ್ಲ ಎನ್ನುತ್ತದೆ. ಅಂದರೆ ಆಲ್ಬನಿಯ ಏಳು ಜನ 1976ರಲ್ಲಿ ಆ ಬಾಗಿಲು ತೆರೆಯದೆ ಹೋಗಿದ್ದರೆ ವೈಟ್ ಅವರ ತೀರ್ಪೂ ಇಲ್ಲ, ಪವೆಲ್ ಅವರ ಭಿನ್ನಮತವೂ ಇಲ್ಲ, ಇವತ್ತಿಗೂ ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಪಾಠ ಮಾಡುವ ಆ ಪ್ರಕರಣವೇ ಇಲ್ಲ.

ಪ್ಯಾಟರ್ಸನ್ ತೀರ್ಪು ಬಂದು ಆರೇ ದಿನಕ್ಕೆ, 1977ರ ಜೂನ್ 23ರಂದು, ಅದೇ ಸುಪ್ರೀಂ ಕೋರ್ಟು ವೇನ್‌ರೈಟ್ ವಿರುದ್ಧ ಸೈಕ್ಸ್ ಎಂಬ ಫ್ಲಾರಿಡಾದ ಪ್ರಕರಣದಲ್ಲಿ ಇನ್ನೊಂದು ಬೀಗ ಹಾಕಿತು. ರಾಜ್ಯದ ವಿಚಾರಣೆಯಲ್ಲಿ ಆಕ್ಷೇಪ ಎತ್ತದವರು ಆಮೇಲೆ ಫೆಡರಲ್ (ಕೇಂದ್ರದ) ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ನನ್ನನ್ನು ಕಾನೂನಿಗೆ ವಿರುದ್ಧವಾಗಿ ಬಂಧನದಲ್ಲಿ ಇಟ್ಟಿದ್ದಾರೆ ಎಂಬ ಅರ್ಜಿ, ಹಿಡಿದುಕೊಂಡು ಬಂದರೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ಯಾಕೆ ಎತ್ತಲಿಲ್ಲ ಎಂಬುದಕ್ಕೆ ಸಮರ್ಪಕ ಕಾರಣ ಕೊಡಬೇಕು, ಅದರಿಂದ ನಿಜವಾದ ಹಾನಿಯಾಯಿತು ಎಂದೂ ತೋರಿಸಬೇಕು.

ಈಗ ಓಹಾಯೋ. ಅಲ್ಲಿ 1970ರ ದಶಕದ ಮಧ್ಯದಲ್ಲಿ ಮೂವರಿಗೆ ಬೇರೆ ಬೇರೆ ಕೇಸುಗಳಲ್ಲಿ ಶಿಕ್ಷೆಯಾಯಿತು. ಮೂವರದ್ದೂ ಆತ್ಮರಕ್ಷಣೆಯ ವಾದ. ಆತ್ಮರಕ್ಷಣೆಯನ್ನು ಆರೋಪಿಯೇ ಸಾಬೀತು ಮಾಡಬೇಕು ಎಂದು ಮೂರೂ ಕಡೆ ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಮೂರೂ ಕಡೆ ವಕೀಲರು ಆಕ್ಷೇಪ ಎತ್ತಲಿಲ್ಲ. ಆಮೇಲೆ 1976ರಲ್ಲಿ ಓಹಾಯೋದ ಸುಪ್ರೀಂ ಕೋರ್ಟೇ, ಹೊಸ ಕಾಯ್ದೆಯ ಪ್ರಕಾರ ಆ ಹೊಣೆ ಆರೋಪಿಯದಲ್ಲ ಎಂದು ಹೇಳಿತು. ಹಳೆಯ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು ಮರುವರ್ಷ ಸೇರಿಸಿತು, ಆದರೆ ಒಂದು ಷರತ್ತು: ವಿಚಾರಣೆಯಲ್ಲಿ ಆಕ್ಷೇಪ ಎತ್ತಿದವರಿಗೆ ಮಾತ್ರ. ಈ ಮೂವರು ಹೊರಗುಳಿದರು. 1982ರಲ್ಲಿ ಎಂಗಲ್ ವಿರುದ್ಧ ಐಸಾಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೂಡ ಅವರಿಗೆ ಬಾಗಿಲು ತೆರೆಯಲಿಲ್ಲ. "ಆಗ ಆಕ್ಷೇಪ ಎತ್ತಿದ್ದರೂ ರಾಜ್ಯದ ಕೋರ್ಟು ಒಪ್ಪುತ್ತಿರಲಿಲ್ಲ, ಎತ್ತಿ ಏನು ಪ್ರಯೋಜನ" ಎಂಬ ಅವರ ಉತ್ತರಕ್ಕೆ ನ್ಯಾಯಮೂರ್ತಿ ಓಕಾನರ್ ಕೊಟ್ಟ ಉತ್ತರದ ಸಾರ ಇದು: 1970ರಲ್ಲೇ ವಿನ್‌ಷಿಪ್ ಬಂದಿತ್ತು, ವಾದ ಕಟ್ಟಲು ಬೇಕಾದ ಸಾಮಾನು ಕೈಯಲ್ಲಿತ್ತು, ಬೇರೆ ವಕೀಲರು ಅದನ್ನು ಬಳಸುತ್ತಿದ್ದರು, ನೀವು ಬಳಸಲಿಲ್ಲ.

ಪ್ಯಾಟರ್ಸನ್ ಮತ್ತು ಈ ಮೂವರನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಕಾಲ, ಒಂದೇ ಬಗೆಯ ದೂರು, ಒಂದೇ ಬಗೆಯ ಮೌನ. ಒಬ್ಬನ ವಾದವನ್ನು ದೇಶದ ಅತಿ ದೊಡ್ಡ ಕೋರ್ಟಿನವರೆಗೂ ಕೇಳಿದರು, ಸೋತರೂ ಉತ್ತರ ಸಿಕ್ಕಿ ಸೋತ. ಉಳಿದವರಿಗೆ ಉತ್ತರವೇ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಅವರ ರಾಜ್ಯದ ಕೋರ್ಟುಗಳು ಆ ಮೌನವನ್ನು ಹೇಗೆ ಓದಿದವು ಎಂಬುದರಲ್ಲಿ. ಇದನ್ನು ಓದಿದ ಮೇಲೆ ನನಗೆ ಬಹಳ ದಿನ ಮನಸ್ಸು ಸಮಾಧಾನವಾಗಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದು ಮಾತು ಹೇಳಿದ್ದರೆ ನ್ಯಾಯಾಧೀಶರು ತಿದ್ದಿಕೊಳ್ಳುತ್ತಿದ್ದರು ಎನ್ನುವ ಕಡೆ ಆಕ್ಷೇಪದ ನಿಯಮ ನೂರಕ್ಕೆ ನೂರು ಸರಿ. ಆದರೆ ಕಾಯ್ದೆಯೇ ನ್ಯಾಯಾಧೀಶರ ಬಾಯಿಗೆ ಆ ಮಾತು ಇಟ್ಟಿರುವಾಗ, ಎದ್ದು ನಿಂತು ಹೇಳಿದ್ದರೂ "ಕೂತ್ಕೊಳ್ಳಿ, ಕಾನೂನು ಇರೋದೇ ಹೀಗೆ" ಎಂಬ ಉತ್ತರವೇ ಬರುತ್ತಿದ್ದಾಗ, ಆ ಮೌನದಿಂದ ಯಾರ ಸಮಯ ಹಾಳಾಯಿತು? ಯಾವ ತಪ್ಪು ತಿದ್ದುವ ಅವಕಾಶ ಕೈತಪ್ಪಿತು? ಏನೂ ಇಲ್ಲ. ಅಂಥ ಕಡೆ ನಿಯಮದ ಕಾರಣ ಇಲ್ಲವಾಗುತ್ತದೆ, ನಿಯಮ ಮಾತ್ರ ಉಳಿಯುತ್ತದೆ. ಸಾಲದ್ದಕ್ಕೆ, ಎಲ್ಲ ವಕೀಲರೂ ಎಲ್ಲ ಹಳೆಯ ನಿಯಮಕ್ಕೂ ಒಂದೊಂದು ಆಕ್ಷೇಪ ಹಾಕಲಿ ಎಂದರೆ ವಿಚಾರಣೆಗಳು ಮುಗಿಯುವುದು ಯಾವಾಗ?

ಆದರೆ ಪ್ಯಾಟರ್ಸನ್ ಬಾಗಿಲು ಅಷ್ಟು ಅಗಲವಾಗಿ ಉಳಿಯಲಿಲ್ಲ. ಸೋತ ಪ್ರತಿಯೊಬ್ಬರೂ ನಮ್ಮದೂ ಅಂಥದ್ದೇ ತಪ್ಪು ಎಂದು ಬರತೊಡಗಿದರು, ಅದು ಸಹಜ. 1980ರಲ್ಲಿ ಥಾಮಸ್ ಎಂಬ ಪ್ರಕರಣದಲ್ಲಿ ಕೋರ್ಟ್ ಆಫ್ ಅಪೀಲ್ಸು ಗೆರೆ ಎಳೆಯಿತು. ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ಒಟ್ಟು ಸೂಚನೆ ಕೇಳಿದಾಗ ಹೊಣೆ ಸರ್ಕಾರದ್ದೇ ಎಂದು ಜ್ಯೂರಿಗೆ ಗೊತ್ತಾಗುವಂತಿದ್ದು, ನಡುವೆ ಒಂದೆರಡು ವಾಕ್ಯ ಗೊಂದಲವಾಗಿದ್ದರೆ, ಅದು ಬೆನ್ನೆಲುಬು ಮುರಿಯುವ ತಪ್ಪಲ್ಲ, ಅದಕ್ಕೆ ಆಕ್ಷೇಪ ಬೇಕೇ ಬೇಕು ಎಂದಿತು. ಇದು ನನಗೆ ನ್ಯಾಯವಾಗಿಯೇ ಕಾಣುತ್ತದೆ, ಗೊಂದಲದ ವಾಕ್ಯವನ್ನು ಅಲ್ಲೇ ತಿದ್ದಿಸಬಹುದಿತ್ತು.

ಆಮೇಲಿನ ವರ್ಷಗಳಲ್ಲಿ ಈ ವಿನಾಯಿತಿ ಬೇರೆ ಕಡೆಗೆ ತಿರುಗಿತು. 1985ರ ಅಹ್ಮದ್ ಪ್ರಕರಣದಲ್ಲಿ ನ್ಯಾಯಾಧೀಶರಿಗೆ ಹುಷಾರಿಲ್ಲದೆ, ಅವರ ಕೆಲಸದ ಒಂದು ಭಾಗವನ್ನು ಅವರ ಕಾನೂನು ಸಹಾಯಕರು ಮಾಡಿದ್ದರು. ಆಕ್ಷೇಪ ಇಲ್ಲದಿದ್ದರೂ ಶಿಕ್ಷೆ ನಿಲ್ಲಲಿ­ಲ್ಲ, ಯಾಕೆಂದರೆ ನ್ಯಾಯಾಧೀಶರ ಕುರ್ಚಿ ಇನ್ನೊಬ್ಬರಿಗೆ ಕೊಡುವಂಥದ್ದಲ್ಲ. 1991ರ ಓರಾಮಾ ಪ್ರಕರಣ ಇನ್ನೂ ಹೆಚ್ಚು ಹೆಸರುವಾಸಿ. ಒಳಗೆ ಚರ್ಚಿಸುತ್ತಿದ್ದ ಜ್ಯೂರಿಯಿಂದ ಒಂದು ಚೀಟಿ ಬಂತು. ನ್ಯಾಯಾಧೀಶರು ಅದನ್ನು ವಕೀಲರಿಗೆ ಪೂರ್ತಿ ತೋರಿಸಲಿಲ್ಲ. ಚೀಟಿಯಲ್ಲಿ ಏನಿದೆ ಎಂದೇ ಗೊತ್ತಿಲ್ಲದ ವಕೀಲರು ಯಾವುದಕ್ಕೆ ಆಕ್ಷೇಪ ಎತ್ತಬೇಕು ಹೇಳಿ? ಕೋರ್ಟು ಇದನ್ನು ವಿಚಾರಣೆಯ ಕ್ರಮದ ತಪ್ಪು ಎಂದೇ ಪರಿಗಣಿಸಿತು. ಅಲ್ಲಿಂದ ಮುಂದೆ ನ್ಯೂಯಾರ್ಕಿನ ಅಪೀಲುಗಳಲ್ಲಿ ಚೀಟಿಗಳದ್ದೇ ದೊಡ್ಡ ಸಾಲು. ಕೊನೆಗೆ 2016ರ ಮ್ಯಾಕ್ ಪ್ರಕರಣದಲ್ಲಿ ಕೋರ್ಟು ಬ್ರೇಕು ಹಾಕಿತು. ಚೀಟಿಯಲ್ಲಿ ಏನಿದೆ ಎಂದು ವಕೀಲರಿಗೆ ತಿಳಿಸಿದ್ದು, ಅದಕ್ಕೆ ಉತ್ತರ ಕೊಡುವ ಮೊದಲೇ ನ್ಯಾಯಾಧೀಶರು ಜ್ಯೂರಿಯ ತೀರ್ಮಾನ ಸ್ವೀಕರಿಸಿದರೆ, ವಕೀಲರು ಬಾಯಿ ಬಿಡಲೇಬೇಕಿತ್ತು ಎಂದಿತು.

ಇಷ್ಟೆಲ್ಲ ನಡೆದದ್ದು ಮೇಲಿನ ಕೋರ್ಟಿನಲ್ಲಿ. ಆದರೆ ಆಕ್ಷೇಪ ಎತ್ತದವರಿಗೆ ನಿಜವಾದ ಆಸೆ ಇರುವುದು ಮಧ್ಯದ ಅಪೆಲೇಟ್ ಡಿವಿಷನ್ನಿನಲ್ಲಿ, ಆ "ನ್ಯಾಯದ ಹಿತದೃಷ್ಟಿ" ಎಂಬ ಎರಡು ಪದದ ಅಧಿಕಾರದಲ್ಲಿ. ಅಲ್ಲಿನ ನ್ಯಾಯಾಧೀಶರಿಗೆ ಇದು ಅನ್ಯಾಯ ಅನ್ನಿಸಿದರೆ, ಮೌನವನ್ನು ಬದಿಗಿಟ್ಟು ಹೊಸ ವಿಚಾರಣೆಗೆ ಕಳಿಸಬಹುದು. ಯಾವಾಗ ಎತ್ತಿಕೊಳ್ಳಬೇಕು, ಯಾವಾಗ ಬಿಡಬೇಕು ಎಂಬುದಕ್ಕೆ ಬಿಗಿಯಾದ ಅಳತೆ ಇಲ್ಲ. ಎಷ್ಟೋ ಆದೇಶಗಳಲ್ಲಿ "ಈ ಪ್ರಶ್ನೆಯನ್ನು ಕೆಳಗೆ ಎತ್ತಿಲ್ಲ, ನ್ಯಾಯದ ಹಿತದೃಷ್ಟಿಯಿಂದ ನೋಡಲು ನಮಗೆ ಕಾರಣ ಕಾಣುತ್ತಿಲ್ಲ" ಎಂದು ಒಂದೇ ವಾಕ್ಯ ಇರುತ್ತದೆ. ಯಾಕೆ ಕಾಣುತ್ತಿಲ್ಲ ಎಂದು ಬರೆದಿರುವುದಿಲ್ಲ. ಜೈಲಿನಲ್ಲಿ ಕೂತು ಆ ಒಂದು ವಾಕ್ಯ ಓದುವವನಿಗೆ ಎರಡು ಸಾಲಿನ ಕಾರಣವನ್ನಾದರೂ ಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮತ್ತೆ, ಹಾಗೆ ಎತ್ತಿಕೊಂಡು ಶಿಕ್ಷೆ ರದ್ದು ಮಾಡಿದರೆ ಸರ್ಕಾರ ಅದರ ಮೇಲೆ ಕೋರ್ಟ್ ಆಫ್ ಅಪೀಲ್ಸಿಗೆ ಹೋಗುವಂತಿಲ್ಲ. ಅದು ಕಾನೂನಿನ ತೀರ್ಮಾನವಲ್ಲ, ವಿವೇಚನೆಯ ತೀರ್ಮಾನ, ಮೇಲಿನ ಕೋರ್ಟಿಗೆ ಅದನ್ನು ಮುಟ್ಟಲು ಅಧಿಕಾರವಿಲ್ಲ. ಎತ್ತಿಕೊಳ್ಳಲು ಒಪ್ಪದಿದ್ದರೆ ಆರೋಪಿಯೂ ಅದೇ ಕಾರಣಕ್ಕೆ ಮುಂದೆ ಹೋಗಲಾರ. ಆಗ ಅವನಿಗೆ ಮೇಲೆ ಉಳಿದಿರುವ ದಾರಿ ಒಂದೇ: ನಮ್ಮ ವಕೀಲರು ಸುಮ್ಮನಿದ್ದದ್ದು ನಿಜ, ಆದರೆ ಇದು ವಿಚಾರಣೆಯ ಕ್ರಮವನ್ನೇ ಕೆಡಿಸಿದ ತಪ್ಪು ಎಂದು ವಾದಿಸುವುದು. ಹಾಗೆ ವಾದಿಸುವವರು ಅರ್ಜಿಯಲ್ಲಿ ಇವತ್ತಿಗೂ ಮೊದಲು ಬರೆಯುವ ಹೆಸರುಗಳಲ್ಲಿ ಪ್ಯಾಟರ್ಸನ್ ಒಂದು, ಹನ್ನೊಂದು ಜನರ ಜ್ಯೂರಿಯ ಆ 1858ರ ಕಾನ್ಸೆಮಿ ಇನ್ನೊಂದು.